ಕಚ್ಚಾ ತೈಲದಿಂದ ಅಸ್ಫಾಲ್ಟೀನ್ ಮತ್ತು ಮೇಣ ಬೇರೆ ಮಾಡುವುದು ಹೇಗೆ: ಕಲಬುರಗಿ ಲ್ಯಾಬ್‌ನಿಂದ ಒಂದು ಸಮಗ್ರ ಮಾರ್ಗದರ್ಶಿ

ಪ್ರಾಜೆಕ್ಟ್ ಸೀಸನ್ ಬಂತೆಂದರೆ ಕಲಬುರಗಿಯ ಎಂ.ಎಸ್ಸಿ. ಹುಡುಗ ಹುಡುಗಿಯರು ನನಗೆ ಒಂದೇ ಥರದ ಫೋಟೊ ಕಳಿಸುತ್ತಾರೆ. ಫಿಲ್ಟರ್ ಪೇಪರ್ ಮೇಲೆ ಕಂದು ಬಣ್ಣದ ಜಿಗುಟು ಮುದ್ದೆ. ಕೆಳಗೊಂದು ಪ್ರಶ್ನೆ: 'ಸರ್, ಇದು ಅಸ್ಫಾಲ್ಟೀನಾ, ಮೇಣಾನಾ?' ಎರಡೂ ಹೌದು: ಅಸ್ಫಾಲ್ಟೀನ್ ಅಂದರೆ ಕಚ್ಚಾ ತೈಲದ ಕಪ್ಪು, ಭಾರವಾದ ಭಾಗ; ಮೇಣ ಅಂದರೆ ಅದೇ ತೈಲದ ಮೇಣಬತ್ತಿಯಂಥ ಭಾಗ. ತೊಂದರೆ ಇರುವುದೇ ಅಲ್ಲಿ.

ನಾನೂ ಇದೇ ಗುಂಡಿಗೆ ಬಿದ್ದವನು. ಮೊದಲ ಸಲ ಮಾಡಿದಾಗ ಪೇಪರ್ ಮೇಲೆ ರಾಶಿ ಗಸಿ ಸಿಕ್ಕಿತ್ತು. ಲೆಕ್ಕ ಹಾಕಿದರೆ ಶೇ 6ಕ್ಕಿಂತ ಜಾಸ್ತಿ ಅಸ್ಫಾಲ್ಟೀನ್. ಖುಷಿಯಿಂದ ಒಣಗಿಸಲು 105 ಡಿಗ್ರಿ ಓವನ್‌ನಲ್ಲಿಟ್ಟೆ. ಹತ್ತು ನಿಮಿಷ ಬಿಟ್ಟು ಬಾಗಿಲು ತೆಗೆದರೆ ಪುಡಿ ಮಾಯ. ಪೇಪರ್ ತುಪ್ಪದಲ್ಲಿ ಅದ್ದಿದ ಹಾಗೆ ಪಾರದರ್ಶಕವಾಗಿತ್ತು, ನಡುವೆ ಚಿಟಿಕೆಯಷ್ಟು ಕಪ್ಪು. ಆ ಚಿಟಿಕೆ ಮಾತ್ರ ಅಸ್ಫಾಲ್ಟೀನ್. ಉಳಿದದ್ದೆಲ್ಲ ಮೇಣ.

ಒಂದು ವಿಷಯ ತಲೆಯಲ್ಲಿ ಕೂತರೆ ಮುಂದಿನದ್ದು ಸುಲಭ. ಮೇಣ ಗಟ್ಟಿಯಾಗುವುದು ಚಳಿಗೆ, ಡಿಸೆಂಬರ್‌ನಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವ ಹಾಗೆ. ಬಿಸಿ ಮಾಡಿದರೆ ಮತ್ತೆ ಕರಗುತ್ತದೆ. ಅಸ್ಫಾಲ್ಟೀನ್ ಕೆಳಗೆ ಬೀಳುವುದು ದ್ರಾವಕ ಒಗ್ಗದೆ. ಹೆಪ್ಟೇನ್‌ನಲ್ಲಿ ಅದು ಕರಗುವುದಿಲ್ಲ, ಕುದಿಸಿದರೂ ಕರಗುವುದಿಲ್ಲ, ಟಾಲೂಯಿನ್‌ನಲ್ಲಿ ಕರಗುತ್ತದೆ. ಅಸ್ಫಾಲ್ಟೀನ್ ಅಂದರೆ ಏನು ಅನ್ನುವುದಕ್ಕೆ ಪ್ರಯೋಗಾಲಯದಲ್ಲಿ ಇರುವ ಅರ್ಥವೇ ಇದು. ಹಾಗಾಗಿ ಮೊದಲು ಬಿಸಿಯಲ್ಲಿ ಅಸ್ಫಾಲ್ಟೀನ್ ತೆಗೆಯಬೇಕು, ಆಮೇಲೆ ಚಳಿಯಲ್ಲಿ ಮೇಣ. ಈ ಕ್ರಮ ತಿರುಗಿಸಿದರೆ ಎರಡೂ ಸಂಖ್ಯೆ ಹಾಳು.

ಅಸ್ಫಾಲ್ಟೀನ್ ಭಾಗಕ್ಕೆ ಇಲ್ಲಿ ಹೇಳುವುದು ಲ್ಯಾಬ್‌ಗಳು ಪಾಲಿಸುವ ಪ್ರಮಾಣಿತ ಪದ್ಧತಿ ಐಪಿ 143, ಅಂದರೆ ಎಎಸ್‌ಟಿಎಂ ಡಿ 6560ರ ದಾರಿ. ಮೇಣಕ್ಕೆ ಯುಒಪಿ 46 ಮಾದರಿಯ ಅಸಿಟೋನ್ ವಿಧಾನ. ಎರಡು ಪೂರ್ತಿ ದಿನ ಇಟ್ಟುಕೊಳ್ಳಿ. ಒಂದೇ ಮಧ್ಯಾಹ್ನದಲ್ಲಿ ಮುಗಿಸುತ್ತೇನೆ ಅಂತ ಹೊರಡಬೇಡಿ.

## ಶುರು ಮಾಡುವ ಮುನ್ನ: ಬೆಂಕಿಯ ಮಾತು

ಹೆಪ್ಟೇನ್‌ನ ಆವಿ ಮೈನಸ್ 4 ಡಿಗ್ರಿಯಲ್ಲೇ ಕಿಡಿಗೆ ಹತ್ತಿಕೊಳ್ಳುತ್ತದೆ. ಅಸಿಟೋನ್ ಮೈನಸ್ 20ರ ಆಸುಪಾಸಿನಲ್ಲಿ. ಏಪ್ರಿಲ್‌ನಲ್ಲಿ ನಮ್ಮ ಲ್ಯಾಬ್ ಒಳಗೇ 38 ಡಿಗ್ರಿ ಇರುತ್ತದೆ ಅಂದಮೇಲೆ ಬಾಟಲಿ ತೆಗೆದಿಟ್ಟರೂ ಅಪಾಯವೇ. ಈ ಆವಿ ಗಾಳಿಗಿಂತ ಭಾರ. ಟೇಬಲ್ ಮೇಲಿಂದ ಇಳಿದು ನೆಲದ ಮೇಲೆ ಹರಿದು, ಆ ತುದಿಯ ಬರ್ನರ್‌ವರೆಗೂ ಹೋಗುತ್ತದೆ.

ಆದ್ದರಿಂದ ಬರ್ನರ್ ಬೇಡ. ಹೀಟಿಂಗ್ ಮ್ಯಾಂಟಲ್ ಅಥವಾ ವಾಟರ್ ಬಾತ್ ಮಾತ್ರ. ಎಲ್ಲ ಕೆಲಸ ಫ್ಯೂಮ್ ಹುಡ್ (ಆವಿ ಹೊರಗೆಳೆಯುವ ಗಾಜಿನ ಗೂಡು) ಒಳಗೆ. ಕನ್ನಡಕ, ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಟಾಲೂಯಿನ್ ಆವಿ ತಲೆ ಸುತ್ತಿಸುತ್ತದೆ. ತಲೆನೋವು ಶುರುವಾಯಿತು ಅಂದರೆ ಹುಡ್ ಎಳೆಯುತ್ತಿಲ್ಲ ಅಂತ ಅರ್ಥ.

ಕರೆಂಟ್ ಹೋದರೆ ಹುಡ್ ನಿಲ್ಲುತ್ತದೆ, ಕಂಡೆನ್ಸರ್‌ಗೆ ನೀರು ತಳ್ಳುವ ಪಂಪ್ ಕೂಡ ನಿಲ್ಲುತ್ತದೆ. ಆದರೆ ಮ್ಯಾಂಟಲ್ ಇನ್ನೂ ಬಿಸಿ ಇರುತ್ತದೆ. ಮ್ಯಾಂಟಲ್ ಅನ್ನು ಜ್ಯಾಕ್ ಮೇಲೆ ಇಡಿ, ತಕ್ಷಣ ಕೆಳಗಿಳಿಸಬಹುದು. ಕರೆಂಟ್ ವಾಪಸ್ ಬಂದಾಗ ಮ್ಯಾಂಟಲ್ ತಾನೇ ಶುರುವಾಗದಂತೆ ಸ್ವಿಚ್ ಆಫ್ ಮಾಡಿ.

## ಬೇಕಾಗುವ ಸಾಮಾನು

ಗಾಜಿನಲ್ಲಿ: ಜಾಯಿಂಟ್ ಇರುವ 250 ಮತ್ತು 500 ಮಿ.ಲೀ. ಫ್ಲಾಸ್ಕ್, ಕಂಡೆನ್ಸರ್, ರಿಫ್ಲಕ್ಸ್ ಎಕ್ಸ್‌ಟ್ರಾಕ್ಟರ್ (ಕುದಿದ ದ್ರಾವಕ ತಣಿದು ಪೇಪರ್ ಮೇಲೆ ಹನಿಯುವ ಸಾಧನ), ಬುಕ್ನರ್ ಫನೆಲ್, ಸಕ್ಷನ್ ಫ್ಲಾಸ್ಕ್, ಡೆಸಿಕೇಟರ್ (ತೇವ ತಾಗದಂತೆ ತಣಿಸುವ ಪಾತ್ರೆ). ಎಕ್ಸ್‌ಟ್ರಾಕ್ಟರ್ ಇಲ್ಲದಿದ್ದರೆ ಸಾಕ್ಸ್‌ಲೆಟ್ ನಡೆಯುತ್ತದೆ. ಆದರೆ ಅದರೊಳಗೆ ದ್ರಾವಕ ಸ್ವಲ್ಪ ತಣ್ಣಗಿರುತ್ತದೆ, ಹೆಚ್ಚು ಹೊತ್ತು ಓಡಿಸಬೇಕು.

ಪೇಪರ್ ಎರಡು ಥರ. ಅಸ್ಫಾಲ್ಟೀನ್‌ಗೆ ವಾಟ್‌ಮನ್ 42. ಮೇಣಕ್ಕೆ ಗ್ಲಾಸ್ ಫೈಬರ್ ಫಿಲ್ಟರ್. ಸಾದಾ ಪೇಪರ್ ಮೇಲೆ ಮೇಣ ಶೋಧಿಸಿದರೆ ರಂಧ್ರ ಕಟ್ಟಿಕೊಂಡು ಗಂಟೆಗಟ್ಟಲೆ ಕೂರಬೇಕಾಗುತ್ತದೆ, ಅಷ್ಟರಲ್ಲಿ ಎಲ್ಲ ಕರಗಿರುತ್ತದೆ.

ದ್ರಾವಕಗಳು: ನಾರ್ಮಲ್ ಹೆಪ್ಟೇನ್, ಟಾಲೂಯಿನ್, ಅಸಿಟೋನ್, ಮತ್ತು 60–80 ದರ್ಜೆಯ (ಆ ಡಿಗ್ರಿಗಳ ನಡುವೆ ಕುದಿಯುವ) ಪೆಟ್ರೋಲಿಯಂ ಈಥರ್. ಹೆಪ್ಟೇನ್ ದುಬಾರಿ ಅಂತ ಪೆಟ್ರೋಲ್ ಹಾಕಿದವರಿದ್ದಾರೆ. ಪೆಟ್ರೋಲ್‌ನಲ್ಲಿ ಆರೊಮ್ಯಾಟಿಕ್, ಅಂದರೆ ಟಾಲೂಯಿನ್ ಜಾತಿಯವು, ಇರುತ್ತವೆ, ಅವು ಅಸ್ಫಾಲ್ಟೀನನ್ನು ಕರಗಿಸಿಯೇ ಇಟ್ಟುಕೊಳ್ಳುತ್ತವೆ. ಪೆಂಟೇನ್ ಹಾಕಿದರೆ ಉಲ್ಟಾ: ಒಂದಿಷ್ಟು ರೆಸಿನ್ (ಅಸ್ಫಾಲ್ಟೀನ್‌ಗಿಂತ ಹಗುರವಾದ ಅಂಟು ಭಾಗ) ಕೂಡ ಜೊತೆಗೆ ಬಿದ್ದು ಸಂಖ್ಯೆ ಮೇಲೇರುತ್ತದೆ. ಯಾವುದು ಹಾಕಿದಿರೋ ಅದನ್ನು ರಿಪೋರ್ಟ್‌ನಲ್ಲಿ ಬರೆಯಲೇಬೇಕು.

ತಕ್ಕಡಿ 0.1 ಮಿ.ಗ್ರಾಂ ತೋರಿಸುವಂಥದ್ದು ಬೇಕು. 10 ಗ್ರಾಂ ತೈಲದಲ್ಲಿ ಶೇ 0.2 ಅಂದರೆ ಬರೀ 20 ಮಿ.ಗ್ರಾಂ. ತೂಗುವಾಗ ಸೀಲಿಂಗ್ ಫ್ಯಾನ್ ಆಫ್ ಮಾಡಿ. ಮೇ ತಿಂಗಳಲ್ಲಿ ಇದು ಶಿಕ್ಷೆ, ಗೊತ್ತು.

ಇನ್ನೊಂದು ನಮ್ಮ ಕಡೆಯ ಸಮಸ್ಯೆ: ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿನ ನೀರೇ ಸುಡುತ್ತಿರುತ್ತದೆ. ಅದನ್ನು ಕಂಡೆನ್ಸರ್‌ಗೆ ಬಿಟ್ಟರೆ ಹೆಪ್ಟೇನ್ ಹೇಗೋ ನಿಲ್ಲುತ್ತದೆ, ಅಸಿಟೋನ್ ನಿಲ್ಲುವುದಿಲ್ಲ. ಏರ್ ಕೂಲರ್‌ನ ಪುಟ್ಟ ಪಂಪನ್ನು ಐಸ್ ನೀರಿನ ಬಕೆಟ್‌ನಲ್ಲಿಟ್ಟು ಸುತ್ತಿಸಿ. ಬಕೆಟ್ ಹುಡ್‌ನಿಂದ ದೂರ ಇರಲಿ, ಪಂಪ್‌ನ ಪ್ಲಗ್ ಇನ್ನೂ ದೂರ.

## ಹಂತ 1: ಇಡೀ ಕ್ಯಾನ್ ಬಿಸಿ ಮಾಡಿ, ಆಮೇಲೆ ಸ್ಯಾಂಪಲ್ ತೆಗೆಯಿರಿ

ಅರ್ಧಕ್ಕರ್ಧ ಜನ ಸೋಲುವುದು ಇಲ್ಲಿಯೇ, ಗೊತ್ತೇ ಆಗದೆ.

ನಮ್ಮ ಜಿಲ್ಲೆಯಲ್ಲಿ ತೈಲ ಸಿಗುವುದಿಲ್ಲ. ಹೊರಗಿಂದ ಬಂದ ಕ್ಯಾನ್ ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತಿರುತ್ತದೆ. ಮುಂಬೈ ಹೈ ತೈಲ ಸುಮಾರು 30 ಡಿಗ್ರಿಯ ಹತ್ತಿರ ಹರಿಯುವುದನ್ನು ನಿಲ್ಲಿಸುತ್ತದೆ. ಅಂದರೆ ಕಲಬುರಗಿಯ ಮೇ ತಿಂಗಳಲ್ಲಿ ಅದು ಎಣ್ಣೆ, ಬೀದರ್‌ನ ಡಿಸೆಂಬರ್ ಬೆಳಗಿನಲ್ಲಿ ಶೂ ಪಾಲಿಶ್. ರಾಜಸ್ಥಾನದ ಬಾರ್ಮೇರ್ ಕಡೆಯ ಮಂಗಳಾ ತೈಲ 40 ಡಿಗ್ರಿಯಲ್ಲೂ ಗಟ್ಟಿ. ಅದನ್ನು ಪೈಪ್‌ಲೈನ್‌ನಲ್ಲಿ ದಾರಿಯುದ್ದಕ್ಕೂ ಬಿಸಿ ಇಟ್ಟೇ ಸಾಗಿಸುತ್ತಾರೆ.

ಗಟ್ಟಿಯಾದ ಕ್ಯಾನ್‌ನಿಂದ ಚಮಚದಲ್ಲಿ ಗೀರಿ ತೆಗೆದರೆ ಅದು ಆ ತೈಲದ ಸ್ಯಾಂಪಲ್ ಅಲ್ಲ. ಮೇಣ ಒಂದು ಕಡೆ, ನೀರು ಮತ್ತು ಕೆಸರು ತಳದಲ್ಲಿ ಇರುತ್ತವೆ.

ಹೀಗೆ ಮಾಡಿ. ಕ್ಯಾನ್‌ನ ಮುಚ್ಚಳ ಸ್ವಲ್ಪ ಸಡಿಲಿಸಿ, 60ರಿಂದ 65 ಡಿಗ್ರಿಯ ವಾಟರ್ ಬಾತ್‌ನಲ್ಲಿ ಒಂದು ಗಂಟೆ ಇಡಿ. ಮುಚ್ಚಳ ಬಿಗಿದು, ಬಟ್ಟೆಯಿಂದ ಹಿಡಿದು, ಹತ್ತಾರು ಸಲ ಮೇಲೆ ಕೆಳಗೆ ಮಾಡಿ. ಗಾಜಿನ ಕಡ್ಡಿಯಿಂದ ತಳ ಮುಟ್ಟಿ ನೋಡಿ. ಮೆತ್ತಗೆ ಸಿಕ್ಕರೆ ಇನ್ನೂ ಅರ್ಧ ಗಂಟೆ. ಬಿಸಿ ಇರುವಾಗಲೇ ತೂಗಿಕೊಳ್ಳಿ.

ಎಚ್ಚರಿಕೆ ಗುರುತು: ಬಿಸಿ ಮಾಡುವಾಗ ಚಿಟಪಟ ಸದ್ದು ಬಂದರೆ ಒಳಗೆ ನೀರಿದೆ. ಮೊದಲು ಸೆಂಟ್ರಿಫ್ಯೂಜ್ ಮಾಡಿ ನೀರು ತೆಗೆಯಿರಿ. ಇಲ್ಲದಿದ್ದರೆ ಮುಂದಿನ ಹಂತದಲ್ಲಿ ಫ್ಲಾಸ್ಕ್ ಉಕ್ಕುತ್ತದೆ.

## ಹಂತ 2: ಹಗುರ ಭಾಗ ತೆಗೆದು ಹಾಕುವುದು

ಪದ್ಧತಿಯ ಪ್ರಕಾರ ಕಚ್ಚಾ ತೈಲವನ್ನು 260 ಡಿಗ್ರಿವರೆಗೆ ಬಟ್ಟಿ ಇಳಿಸಿ, ಉಳಿದ ಭಾಗದ ಮೇಲೆ ಅಸ್ಫಾಲ್ಟೀನ್ ಅಳೆಯಬೇಕು. ಇದನ್ನು ಒಬ್ಬರೇ ಮಾಡಬೇಡಿ, ಗೈಡ್ ಪಕ್ಕದಲ್ಲಿರಲಿ. ಥರ್ಮಾಮೀಟರ್‌ನ ಬುಡ ಎಣ್ಣೆಯೊಳಗೆ ಮುಳುಗಿರಬೇಕು. ಇಲ್ಲಿ ಬೇಕಾದದ್ದು ಎಣ್ಣೆಯ ತಾಪಮಾನ, ಆವಿಯದ್ದಲ್ಲ.

ಎಷ್ಟು ಗ್ರಾಂ ಹಾಕಿದಿರಿ, ಎಷ್ಟು ಉಳಿಯಿತು, ಎರಡನ್ನೂ ಬರೆದಿಡಿ. ಕೊನೆಯ ಲೆಕ್ಕಕ್ಕೆ ಈ ಎರಡು ಸಂಖ್ಯೆ ಇಲ್ಲದೆ ಎಲ್ಲ ವ್ಯರ್ಥ.

## ಹಂತ 3: ಹೆಪ್ಟೇನ್ ಜೊತೆ ಕುದಿಸಿ, ಕತ್ತಲಲ್ಲಿ ತಣಿಸಿ

ಅಸ್ಫಾಲ್ಟೀನ್ ಕಡಿಮೆ ಇರಬಹುದು ಅನ್ನಿಸಿದರೆ 8ರಿಂದ 10 ಗ್ರಾಂ ತೆಗೆದುಕೊಳ್ಳಿ. ಜಾಸ್ತಿ ಅನ್ನಿಸಿದರೆ 2 ಗ್ರಾಂ ಸಾಕು. ಪ್ರತಿ ಗ್ರಾಂಗೆ 30 ಮಿ.ಲೀ. ಹೆಪ್ಟೇನ್. ಇದಕ್ಕಿಂತ ಕಡಿಮೆ ಹಾಕಿದರೆ ತೈಲದಲ್ಲಿರುವ ಆರೊಮ್ಯಾಟಿಕ್‌ಗಳೇ ಸ್ವಲ್ಪ ಅಸ್ಫಾಲ್ಟೀನನ್ನು ಹಿಡಿದುಕೊಂಡು ಬಿಡುತ್ತವೆ.

ಬಾಯ್ಲಿಂಗ್ ಚಿಪ್ಸ್ ತಣ್ಣಗಿರುವಾಗಲೇ ಹಾಕಿ. ಮರೆತು ಹೋಗಿ ಬಿಸಿ ದ್ರಾವಕಕ್ಕೆ ಹಾಕಿದರೆ ಎಲ್ಲ ಒಮ್ಮೆಲೇ ಉಕ್ಕಿ ಹುಡ್‌ನ ಗಾಜಿಗೆ ಹಾರುತ್ತದೆ. ಒಂದು ಗಂಟೆ ರಿಫ್ಲಕ್ಸ್, ಅಂದರೆ ಆವಿ ಕಂಡೆನ್ಸರ್‌ನಲ್ಲಿ ತಣಿದು ಫ್ಲಾಸ್ಕ್‌ಗೇ ವಾಪಸ್ ಬೀಳುವಂತೆ ಕುದಿಸಿ. ಹೆಪ್ಟೇನ್ 98 ಡಿಗ್ರಿಯಲ್ಲಿ ಕುದಿಯುತ್ತದೆ, ಹಾಗಾಗಿ ಈ ಹಂತದಲ್ಲಿ ಮೇಣವೆಲ್ಲ ಕರಗಿಯೇ ಇರುತ್ತದೆ.

ಆಮೇಲೆ ಫ್ಲಾಸ್ಕ್ ಮುಚ್ಚಿ ಕತ್ತಲ ಕಪಾಟಿನಲ್ಲಿ 90ರಿಂದ 150 ನಿಮಿಷ ಬಿಡಿ. ಅಲ್ಲಾಡಿಸಬೇಡಿ. ರಾತ್ರಿಯಿಡೀ ಬಿಟ್ಟು ಮನೆಗೆ ಹೋಗುವುದೂ ಬೇಡ. ಹೊತ್ತು ಹೆಚ್ಚಾದಷ್ಟೂ ಹೆಚ್ಚು ಬೀಳುತ್ತದೆ, ಇಬ್ಬರ ಸಂಖ್ಯೆ ಹೊಂದುವುದಿಲ್ಲ.

## ಹಂತ 4: ಶೋಧಿಸುವುದು, ಬಿಸಿ ಹೆಪ್ಟೇನ್‌ನಲ್ಲಿ ತೊಳೆಯುವುದು

ಈ ಹಂತವನ್ನು ಎರಡು ಸಲ ಓದಿ.

ವಾಟ್‌ಮನ್ 42 ಮಡಚಿ ಫನೆಲ್‌ನಲ್ಲಿಡಿ. ಮೇಲಿನ ದ್ರವ ಮೊದಲು, ಗಸಿ ಕೊನೆಗೆ. ಫ್ಲಾಸ್ಕ್ ಒಳಗೆ ಅಂಟಿದ್ದನ್ನು ಬಿಸಿ ಹೆಪ್ಟೇನ್‌ನಿಂದ ತೊಳೆದು ಪೇಪರ್‌ಗೆ ಸುರಿಯಿರಿ. ಇಷ್ಟಾದರೂ ಗಾಜಿಗೆ ಕಪ್ಪು ಪೊರೆ ಅಂಟಿಕೊಂಡೇ ಇರುತ್ತದೆ. ಆ ಫ್ಲಾಸ್ಕ್ ಸೋಪು ಹಾಕಿ ತೊಳೆಯಬೇಡಿ. ಪಕ್ಕಕ್ಕಿಡಿ. ಆ ಪೊರೆಯೂ ಅಸ್ಫಾಲ್ಟೀನೇ, ಹಂತ 5ರಲ್ಲಿ ಅದೇ ಫ್ಲಾಸ್ಕ್ ಬೇಕು. ಲ್ಯಾಬ್ ಅಟೆಂಡರ್‌ಗೂ ಹೇಳಿಡಿ. ನಮ್ಮಲ್ಲಿ ಒಬ್ಬ ಹುಡುಗಿ ಚಹಾ ಕುಡಿದು ಬರುವಷ್ಟರಲ್ಲಿ ಅವಳ ಫ್ಲಾಸ್ಕ್ ಫಳಫಳ ಹೊಳೆಯುತ್ತ ಸ್ಟ್ಯಾಂಡ್ ಮೇಲೆ ಕೂತಿತ್ತು.

ಈಗ ಪೇಪರ್ ಮೇಲೆ ಇರುವುದು ಬರೀ ಅಸ್ಫಾಲ್ಟೀನ್ ಅಲ್ಲ. ತಣಿಯುವಾಗ ಬಿದ್ದ ಮೇಣ, ಅಂಟಿಕೊಂಡ ರೆಸಿನ್, ಮರಳು, ಉಪ್ಪು, ತುಕ್ಕು ಎಲ್ಲ ಇದೆ. ಪೇಪರನ್ನು ಗಸಿ ಸಮೇತ ಮಡಚಿ ಎಕ್ಸ್‌ಟ್ರಾಕ್ಟರ್‌ನಲ್ಲಿಡಿ. ಕೆಳಗೆ ಬೇರೆ ಫ್ಲಾಸ್ಕ್‌ನಲ್ಲಿ ಹೊಸ ಹೆಪ್ಟೇನ್. ಕಂಡೆನ್ಸರ್‌ನಿಂದ ಸೆಕೆಂಡಿಗೆ 2ರಿಂದ 4 ಹನಿ ಬೀಳುವಂತೆ ಕನಿಷ್ಠ ಒಂದು ಗಂಟೆ ಓಡಿಸಿ. ಮೇಣವನ್ನು ಪೇಪರ್‌ನಿಂದ ಇಳಿಸುವುದು ಈ ಬಿಸಿ ಹನಿಗಳೇ. ನಾನು ಮೊದಲ ಸಲ ಬಿಟ್ಟಿದ್ದ ಹಂತ ಇದು. ತಣ್ಣನೆಯ ಹೆಪ್ಟೇನ್ ಎರಡು ಸಲ ಸುರಿದು, ಸಾಕು ಅಂದುಕೊಂಡಿದ್ದೆ.

ಸಾಕಾಯಿತಾ ಅಂತ ನೋಡುವುದು ಹೀಗೆ: ಪೇಪರ್‌ನಿಂದ ಇಳಿಯುವ ಎರಡು ಹನಿ ಗಾಜಿನ ಸ್ಲೈಡ್ ಮೇಲೆ ಹಿಡಿದು ಒಣಗಲು ಬಿಡಿ. ಏನೂ ಕಲೆ ಉಳಿಯಬಾರದು. ಉಂಗುರ ಕಂಡರೆ ಇನ್ನೂ ಅರ್ಧ ಗಂಟೆ. ಮೇಣ ಜಾಸ್ತಿ ಇರುವ ತೈಲಕ್ಕೆ ಮೂರು ಗಂಟೆ ಹಿಡಿದದ್ದೂ ಇದೆ.

ಶೋಧಿಸಿದ ದ್ರವ ಮತ್ತು ತೊಳೆದ ಹೆಪ್ಟೇನ್ ಎರಡನ್ನೂ ಸೇರಿಸಿ ಇಟ್ಟುಕೊಳ್ಳಿ. ನಿಮ್ಮ ಮೇಣ ಪೂರ್ತಿ ಅದರಲ್ಲಿದೆ. 'ವೇಸ್ಟ್' ಬಾಟಲಿಗೆ ಸುರಿದು ಆಮೇಲೆ ಫೋನ್ ಮಾಡಿದವರು ಕಡಿಮೆ ಏನಿಲ್ಲ.

## ಹಂತ 5: ಟಾಲೂಯಿನ್‌ನಲ್ಲಿ ಕರಗಿಸಿ ತೂಗುವುದು

ಹೆಪ್ಟೇನ್ ಫ್ಲಾಸ್ಕ್ ತೆಗೆದು, ಪಕ್ಕಕ್ಕಿಟ್ಟಿದ್ದ ಹಳೆಯ ಫ್ಲಾಸ್ಕ್‌ಗೆ 30ರಿಂದ 60 ಮಿ.ಲೀ. ಟಾಲೂಯಿನ್ ಹಾಕಿ ಜೋಡಿಸಿ. ಪೇಪರ್‌ನಿಂದ ಇಳಿಯುವ ಹನಿ ಬಣ್ಣ ಕಳೆದುಕೊಳ್ಳುವವರೆಗೆ ಕುದಿಸಿ. ಪೇಪರ್ ಮೇಲೆ ಉಳಿಯುವುದು ಮರಳು, ತುಕ್ಕು. ಟಾಲೂಯಿನ್ ಹಂತ ಬಿಟ್ಟು ಪೇಪರನ್ನೇ ತೂಗಿದರೆ ಆ ಮಣ್ಣೂ ಅಸ್ಫಾಲ್ಟೀನ್ ಲೆಕ್ಕಕ್ಕೆ ಬರುತ್ತದೆ.

ಮೊದಲೇ ತೂಗಿಟ್ಟ ಡಿಶ್‌ಗೆ ಟಾಲೂಯಿನ್ ಸುರಿದು ವಾಟರ್ ಬಾತ್ ಮೇಲೆ ಪೂರ್ತಿ ಆರಿಸಿ. ವಾಸನೆ ಹೋಗುವವರೆಗೆ ಓವನ್ ಬೇಡ. ಆಮೇಲೆ 100ರಿಂದ 110 ಡಿಗ್ರಿಯಲ್ಲಿ 30 ನಿಮಿಷ, ಡೆಸಿಕೇಟರ್‌ನಲ್ಲಿ ಅರ್ಧ ಗಂಟೆ, ನಂತರ ತೂಕ. ಬಿಸಿ ಡಿಶ್ ತೂಗಿದರೆ ತಕ್ಕಡಿ ಕಡಿಮೆ ತೋರಿಸುತ್ತದೆ. ತೈಲ ಹಾಕದೆ ಇದೇ ಕೆಲಸ ಒಂದು ಸಲ ಮಾಡಿ, ಆ ಬ್ಲ್ಯಾಂಕ್ ತೂಕ ಕಳೆಯಿರಿ.

### ನಿಜವಾದ ಅಸ್ಫಾಲ್ಟೀನ್ ಹೌದಾ?

ಸರಿಯಾದದ್ದು ಕಪ್ಪಗೆ ಹೊಳೆಯುತ್ತದೆ, ಕಡ್ಡಿ ತಾಗಿಸಿದರೆ ಪಟಪಟ ಒಡೆಯುತ್ತದೆ. ಕಂದು, ಮೆತ್ತಗೆ, ಅಂಟು ಅಂದರೆ ರೆಸಿನ್ ಅಥವಾ ಮೇಣ ಉಳಿದಿದೆ. ಸ್ವಲ್ಪ ಪುಡಿ ಸ್ಲೈಡ್ ಮೇಲಿಟ್ಟು 80 ಡಿಗ್ರಿಗೆ ಬಿಸಿ ಮಾಡಿ ನೋಡಿ. ಮೇಣವಾದರೆ ಕರಗುತ್ತದೆ. ಅಸ್ಫಾಲ್ಟೀನ್‌ಗೆ ಏನೂ ಆಗುವುದಿಲ್ಲ. ತೀರಾ ಬಿಸಿ ಮಾಡಿದರೂ ಅದು ಕರಗದೆ ಉಬ್ಬಿ ಕೋಕ್ ಆಗುತ್ತದೆ.

ಸೂಕ್ಷ್ಮದರ್ಶಕ ಇದ್ದರೆ ಇನ್ನೂ ಚೆನ್ನ. ಹಳೆಯ ಪೋಲರಾಯ್ಡ್ ಕನ್ನಡಕದ ಎರಡು ತುಂಡು ಅಡ್ಡಡ್ಡ ಹಿಡಿದು, ನಡುವೆ ಸ್ಲೈಡ್ ಇಟ್ಟು ನೋಡಿ. ಮೇಣದ ಹರಳು ಕತ್ತಲಲ್ಲಿ ಮಿಣಮಿಣ ಹೊಳೆಯುತ್ತವೆ, ಅಸ್ಫಾಲ್ಟೀನ್ ಕತ್ತಲಾಗಿಯೇ ಇರುತ್ತದೆ. ಈ ಪರೀಕ್ಷೆಗೆ ಖರ್ಚು ಸೊನ್ನೆ, ಆದರೂ ಯಾರೂ ಮಾಡುವುದಿಲ್ಲ.

## ಹಂತ 6: ಹೆಪ್ಟೇನ್ ಆರಿಸಿ ಮಾಲ್ಟೀನ್ ಪಡೆಯುವುದು

ಉಳಿಸಿಟ್ಟ ಹೆಪ್ಟೇನ್ ದ್ರವವನ್ನು ರೋಟರಿ ಇವಾಪರೇಟರ್‌ನಲ್ಲಿ ಆರಿಸಿ. ಉಳಿಯುವ ಎಣ್ಣೆಗೆ ಮಾಲ್ಟೀನ್ ಅನ್ನುತ್ತಾರೆ. ಸ್ಥಿರ ತೂಕ ಬರುವವರೆಗೆ ಆರಿಸುತ್ತಲೇ ಇರಿ. ಹೆಪ್ಟೇನ್ ಸ್ವಲ್ಪ ಉಳಿದರೂ ಮುಂದೆ ಮೇಣ ಪೂರ್ತಿ ಬೀಳುವುದಿಲ್ಲ.

ಬಿಳಿ ಮೇಣವೇ ಬೇಕು ಅನ್ನುವವರು ಇಲ್ಲಿ ಸಿಲಿಕಾ ಜೆಲ್ ಕಾಲಂ ಹಾಕಿ ರೆಸಿನ್ ಹಿಡಿಸಬಹುದು. ಬರೀ ಶೇಕಡಾ ಬೇಕಿದ್ದರೆ ಅಗತ್ಯವಿಲ್ಲ, ಮೇಣ ಸ್ವಲ್ಪ ಹಳದಿ ಬರುತ್ತದೆ ಅಷ್ಟೇ.

## ಹಂತ 7: ಚಳಿಯಲ್ಲಿ ಮೇಣ ಬೀಳಿಸುವುದು

2 ಗ್ರಾಂ ಮಾಲ್ಟೀನ್‌ಗೆ 28 ಮಿ.ಲೀ. ಪೆಟ್ರೋಲಿಯಂ ಈಥರ್. ಸುಮಾರು 40 ಡಿಗ್ರಿಯಲ್ಲಿ ಅರ್ಧ ಗಂಟೆ ಕಲಕಿ, ಪೂರ್ತಿ ಕರಗಲಿ. ನಂತರ 84 ಮಿ.ಲೀ. ಅಸಿಟೋನ್. ಅಂದರೆ ಒಂದಕ್ಕೆ ಮೂರು. ಈಥರ್ ಎಣ್ಣೆಯನ್ನು ಹಿಡಿದಿಡುತ್ತದೆ, ಅಸಿಟೋನ್ ಮೇಣವನ್ನು ಹೊರಗೆ ತಳ್ಳುತ್ತದೆ. ಬರೀ ಅಸಿಟೋನ್ ಹಾಕಿದರೆ ಎಣ್ಣೆಯೂ ಮೇಣದ ಜೊತೆ ಕೆಳಗಿಳಿಯುತ್ತದೆ.

ಈಗ ಮೈನಸ್ 20 ಡಿಗ್ರಿಯಲ್ಲಿ ಮೂರು ಗಂಟೆ. ಮನೆಯ ಫ್ರಿಜ್ ಬೇಡವೇ ಬೇಡ. ಅದರ ಥರ್ಮೋಸ್ಟಾಟ್‌ನ ಕಿಡಿ ಸಾಕು, ಬಾಗಿಲು ಹಾರಿಹೋಗುತ್ತದೆ. ದ್ರಾವಕ ಇಡಲೆಂದೇ ಮಾಡಿದ ಫ್ರೀಜರ್ ಇಲ್ಲದಿದ್ದರೆ ಐಸ್ ಮತ್ತು ಹರಳುಪ್ಪು ಬಳಸಿ. ಐಸ್ ಚೆನ್ನಾಗಿ ಕುಟ್ಟಿ, ಮೂರು ಪಾಲಿಗೆ ಒಂದು ಪಾಲು ಉಪ್ಪು ಬೆರೆಸಿ. ಈ ಮಿಶ್ರಣ ಇಳಿಯಬಹುದಾದ ತಳ ಮೈನಸ್ 21. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಟ್ಟರೂ ನಮ್ಮ ಬೇಸಿಗೆಯಲ್ಲಿ ಮೈನಸ್ 16, 17ಕ್ಕೆ ನಿಲ್ಲುವುದೇ ಹೆಚ್ಚು. ಹಾಗಾದರೆ ನಿಜವಾದ ತಾಪಮಾನವನ್ನೇ ರಿಪೋರ್ಟ್‌ನಲ್ಲಿ ಬರೆಯಿರಿ. ಸುಮ್ನೆ ಮೈನಸ್ 20 ಅಂತ ಬರೆಯಬೇಡಿ. ಅರ್ಧ ಗಂಟೆಗೊಮ್ಮೆ ನೀರು ಬಸಿದು ಹೊಸ ಐಸ್ ಹಾಕಬೇಕು. ಸೋಡಾ ಅಂಗಡಿಗೆ ಹಿಂದಿನ ದಿನವೇ ಹೇಳಿಡಿ.

ಬಟ್ಟಲು ಮುಚ್ಚಿರಲಿ. ಮಳೆಗಾಲದಲ್ಲಿ ಗಾಳಿಯ ತೇವ ಒಳಗೆ ಇಳಿದು ಮಂಜಿನ ಹರಳಾಗುತ್ತದೆ, ನೋಡಲು ಥೇಟ್ ಮೇಣ.

## ಹಂತ 8: ಮೇಣ ಶೋಧಿಸುವುದು

ಮೇಣಕ್ಕಿಂತ ಮೊದಲು ಫನೆಲ್ ತಣ್ಣಗಾಗಬೇಕು. ಬುಕ್ನರ್, ಗ್ಲಾಸ್ ಫೈಬರ್ ಫಿಲ್ಟರ್, ತೊಳೆಯಲು ಇಟ್ಟ 3:1 ಅಸಿಟೋನ್-ಈಥರ್ ಮಿಶ್ರಣ, ಮೂರನ್ನೂ ಅದೇ ಚಳಿಯಲ್ಲಿ ಒಂದು ಗಂಟೆ ಇಡಿ. ಬೆಚ್ಚಗಿನ ಪಿಂಗಾಣಿ ಫನೆಲ್‌ಗೆ ಸುರಿದರೆ ರೊಟ್ಟಿ ಮೇಲೆ ಬೆಣ್ಣೆ ಇಟ್ಟ ಹಾಗೆ, ಕಣ್ಣೆದುರೇ ಇಳಿದು ಹೋಗುತ್ತದೆ. ಫನೆಲ್ ಸುತ್ತ ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಉಪ್ಪು ಕಟ್ಟಿ. ಬೇಸಿಗೆಯಲ್ಲಿ ಈ ಹಂತವನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸುವುದು ನನ್ನ ರೂಢಿ.

ಒಂದೇ ಸಲಕ್ಕೆ ಸುರಿದು ಬೇಗ ಎಳೆಯಿರಿ. ತಣ್ಣನೆಯ ಮಿಶ್ರಣದಿಂದ ಎರಡು ಮೂರು ಸಲ, ಸ್ವಲ್ಪ ಸ್ವಲ್ಪ ತೊಳೆಯಿರಿ. ತೊಳೆದ ದ್ರವ ಬಣ್ಣ ಕಳೆದುಕೊಂಡರೆ ಸಾಕು. ಹೆಚ್ಚು ತೊಳೆದರೆ ಮೃದು ಮೇಣ ಹೋಗುತ್ತದೆ.

ಕೆಳಗಿನ ಫ್ಲಾಸ್ಕ್ ಬದಲಿಸಿ. ಬಿಸಿ ಟಾಲೂಯಿನ್ ಸುರಿದು ಮೇಣ ಕರಗಿಸಿ ಇಳಿಸಿಕೊಳ್ಳಿ. ಬಿಸಿ ದ್ರಾವಕಕ್ಕೆ ಸಕ್ಷನ್ ಮೆಲ್ಲಗೆ, ಇಲ್ಲವಾದರೆ ಕೆಳಗೆ ಕುದಿಯುತ್ತದೆ. ತೂಗಿಟ್ಟ ಡಿಶ್‌ನಲ್ಲಿ ಆರಿಸಿ, ಸ್ಥಿರ ತೂಕಕ್ಕೆ ತನ್ನಿ.

ಎಚ್ಚರಿಕೆ ಗುರುತು: ಡಿಶ್‌ನಲ್ಲಿರುವುದು ಬೆರಳಿಗೆ ಜಿಡ್ಡಾಗಿ ಹತ್ತಿದರೆ ಎಣ್ಣೆ ಉಳಿದಿದೆ; ಹಂತ 7 ಮತ್ತೆ ಮಾಡಿ. ಕಪ್ಪು ಚುಕ್ಕೆ ಕಂಡರೆ ಹಂತ 4ರಲ್ಲಿ ಪೇಪರ್ ಹರಿದಿತ್ತು. ಎಫ್‌ಟಿಐಆರ್ (ಇನ್‌ಫ್ರಾರೆಡ್ ಬೆಳಕಿನಿಂದ ಅಣು ಗುರುತಿಸುವ ಯಂತ್ರ) ಇದ್ದರೆ 720 cm⁻¹ ಹತ್ತಿರದ ಪೀಕ್ ಮೇಣದ ಉದ್ದ ಸರಪಳಿಯದ್ದು; 1600ರ ಬಳಿ ಎದ್ದು ಕಾಣುವ ಪೀಕ್ ಇದ್ದರೆ ಆರೊಮ್ಯಾಟಿಕ್ ಬೆರೆತಿವೆ.

## ಹಂತ 9: ಲೆಕ್ಕ

ಉದಾಹರಣೆಗೆ, 200 ಗ್ರಾಂ ತೈಲ ಬಟ್ಟಿ ಇಳಿಸಿ 130 ಗ್ರಾಂ ಉಳಿಯಿತು ಅನ್ನಿ. ಭಾಗ 0.65. ಅದರಲ್ಲಿ 8.000 ಗ್ರಾಂ ತೆಗೆದಿರಿ. ಅಸ್ಫಾಲ್ಟೀನ್ 0.072 ಗ್ರಾಂ ಬಂತು. ಶೇಷದಲ್ಲಿ ಶೇ 0.90, ಮೂಲ ತೈಲದಲ್ಲಿ 0.90 × 0.65, ಅಂದರೆ ಶೇ 0.59.

ಮಾಲ್ಟೀನ್ 7.850 ಗ್ರಾಂ ಸಿಕ್ಕಿತು. ಅದರಲ್ಲಿ 2.000 ಗ್ರಾಂನಿಂದ 0.300 ಗ್ರಾಂ ಮೇಣ ಬಂತು, ಅಂದರೆ ಶೇ 15. ಪೂರ್ತಿ ಮಾಲ್ಟೀನ್‌ಗೆ 1.178 ಗ್ರಾಂ. 8 ಗ್ರಾಂ ಶೇಷಕ್ಕೆ ಶೇ 14.7, ಮೂಲ ತೈಲಕ್ಕೆ ಶೇ 9.6. ಬಹಳ ಜನ ಶೇ 15 ಅಂತಲೇ ಬರೆದು ವೈವಾದಲ್ಲಿ ಸಿಕ್ಕಿಬೀಳುತ್ತಾರೆ.

ಒಂದು ಕೂಡಿಸುವ ಪರೀಕ್ಷೆ ಇದೆ: 0.072 ಮತ್ತು 7.850 ಸೇರಿದರೆ 7.922. ಹಾಕಿದ್ದು 8.000. ಶೇ 99 ವಾಪಸ್ ಬಂದಿದೆ, ಪರವಾಗಿಲ್ಲ. 100 ದಾಟಿದರೆ ದ್ರಾವಕ ಆರಿಲ್ಲ. ತೀರಾ ಕಡಿಮೆ ಬಂದರೆ ಎಲ್ಲೋ ಚೆಲ್ಲಿದೆ, ಅಥವಾ ಯಾರೋ ನಿಮ್ಮ ಫ್ಲಾಸ್ಕ್ ತೊಳೆದಿದ್ದಾರೆ.

## ಉಳಿದ ದ್ರಾವಕ

ಸಿಂಕ್‌ಗೆ ಒಂದು ಹನಿಯೂ ಬೇಡ. ಬಳಸಿದ್ದನ್ನೆಲ್ಲ ಹೆಸರು ಬರೆದ, ಮುಚ್ಚಳ ಇರುವ ಕ್ಯಾನ್‌ನಲ್ಲಿ ತುಂಬಿ ಅನುಮತಿ ಪಡೆದ ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ. ಮುಕ್ಕಾಲು ಭಾಗ ಮಾತ್ರ ತುಂಬಿ, ಬಿಸಿಲು ಬೀಳದ ಕಡೆ ಇಡಿ. ಅಂಚಿನವರೆಗೆ ತುಂಬಿದ ಕ್ಯಾನ್ ಮೇ ತಿಂಗಳಲ್ಲಿ ಹೊಟ್ಟೆ ಉಬ್ಬಿಸಿಕೊಂಡು ನಿಂತಿರುತ್ತದೆ. ಹೆಪ್ಟೇನ್ ಮರಳಿ ಬಟ್ಟಿ ಇಳಿಸಿ ಬಳಸಬಹುದು, ಆದರೆ ಟಾಲೂಯಿನ್ ಬೆರೆತ ಹೆಪ್ಟೇನ್ ಬೇಡ. ಮುಂದಿನ ಬ್ಯಾಚ್‌ನವರಿಗೆ ಅಸ್ಫಾಲ್ಟೀನೇ ಬೀಳುವುದಿಲ್ಲ, ಯಾಕೆ ಅಂತ ಅವರಿಗೆ ಗೊತ್ತೂ ಆಗುವುದಿಲ್ಲ.